ಗಂಗವ್ವನ ಒಗ್ಗರಣೆ

ಮೂಗಿನ ಡಾಕ್ಟರಿಗೇ ಮೂಗು ಕೈಕೊಟ್ಟರೆ ಯಾರ ಮುಂದೆ ಹೋಗಿ ಹೇಳಿಕೊಳ್ಳಬೇಕು? ಕ್ವೀನ್ಸ್‌ಬರಿಯ ಶೇಷಾದ್ರಿ ಡಾಕ್ಟರು ಯಾರ ಮುಂದೆಯೂ ಹೇಳಿಕೊಳ್ಳಲಿಲ್ಲ. ಧಾರವಾಡದಿಂದ ಬಂದು, ಲಂಡನ್ನಿನ ಸರಕಾರಿ ಆಸ್ಪತ್ರೆಯಲ್ಲಿ ವರ್ಷಗಟ್ಟಲೆ ಕಂಡವರ ಕಿವಿ, ಮೂಗು, ಗಂಟಲು ಇಣುಕಿ ನೋಡಿ ನಿವೃತ್ತರಾದವರು ಅವರು. ಕೋವಿಡ್ ಬಂತು, ವಾರವಿತ್ತು, ಹೋಗುವಾಗ ಅವರ ವಾಸನೆಯ ಶಕ್ತಿಯನ್ನು ಜೊತೆಗೆ ಕಟ್ಟಿಕೊಂಡು ಹೋಯಿತು. ಇದು ಗೊತ್ತಿದ್ದದ್ದು ಹೆಂಡತಿ ವೇದವತಿ ಮತ್ತು ಮಗಳು ಸ್ಪಂದನಾಳಿಗೆ ಮಾತ್ರ. ಪಕ್ಕದ ಮನೆಯವರು ತಮ್ಮ ತೋಟದ ಗುಲಾಬಿ ಹಿಡಿದು ಬಂದರೆ ಡಾಕ್ಟರು ಕಣ್ಣು ಮುಚ್ಚಿ "ಆಹಾ" ಅನ್ನುತ್ತಿದ್ದರು. ಅಂಥ ಅಭಿನಯಕ್ಕೆ ಹಿಂದೆ ಕಾಲೇಜಿನಲ್ಲಿ ಬಹುಮಾನ ಬಂದಿತ್ತಂತೆ.

ತೊಂದರೆ ಶುರುವಾದದ್ದು ಗುಲಾಬಿಯಿಂದಲ್ಲ, ಸಾರಿನಿಂದ. ನಿವೃತ್ತಿಯಾದ ದಿನವೇ ಡಾಕ್ಟರು ಅಡಿಗೆಮನೆಯನ್ನು ಗೆದ್ದುಕೊಂಡಿದ್ದರು. ಇಂಗು ತೆಂಗು ಇದ್ದರೆ ಮಂಗವೂ ಅಡಿಗೆ ಮಾಡುತ್ತದೆ ಅನ್ನುತ್ತಾರಲ್ಲ, ತೆಂಗಿನ ಮಟ್ಟಿಗೆ ಅವರ ಕೈ ಹಿಡಿತದಲ್ಲಿತ್ತು. ಇಂಗಿನ ಮಟ್ಟಿಗೆ ಹಾಗೆ ಹೇಳುವಂತಿರಲಿಲ್ಲ. ಒಗ್ಗರಣೆಯ ಸೌಟಿಗೆ ಚಿಟಿಕೆ ಇಂಗು ಹಾಕುವರು, ಮೂಗು ಹತ್ತಿರ ಒಯ್ಯುವರು, ಏನೂ ಬಾರದು, ಇನ್ನೊಂದು ಚಿಟಿಕೆ ಹಾಕುವರು. ವೇದವತಿ ಮಕ್ಕಳ ಡಾಕ್ಟರಾಗಿದ್ದವರು. ಸೂಜಿ ಚುಚ್ಚುವ ಮುಂಚೆ "ಏನೂ ನೋಯೂದಿಲ್ಲ ಪುಟ್ಟಾ" ಎಂದು ನಗುತ್ತ ಹೇಳಿ ಅಭ್ಯಾಸವಾದ ಮುಖ. ಅದೇ ಮುಖ ಇಟ್ಟುಕೊಂಡು ದಿನಾ ಸಾರು ಸುರಿದುಕೊಂಡು, "ಛೊಲೋ ಆಗೇದ" ಅನ್ನುತ್ತಿದ್ದರು.

ಇನ್ನು ಮಗಳು. ಸ್ಪಂದನಾ ಲಂಡನ್ನಿನಲ್ಲೇ, ಬಸ್ಸಿನ ದೂರದ ಕೊಲಿಂಡೇಲ್‌ನ ಹೊಸ ಕಟ್ಟಡವೊಂದರ ಎರಡನೆಯ ಮಹಡಿಯ ಫ್ಲ್ಯಾಟಿನಲ್ಲಿದ್ದಳು. ಅವಳದು ಕರಡಿಯ ಕೆಲಸ. ಅಮೆರಿಕದ ದಕ್ಷಿಣದಲ್ಲಿ ಒಂದು ಜೌಗು ಕಾಡು, ಆ ಜೌಗಿನಲ್ಲಿ ಕಪ್ಪು ಕರಡಿಗಳು, ಅವು ಏನು ತಿನ್ನುತ್ತವೆ, ಎಲ್ಲಿ ಮಲಗುತ್ತವೆ, ಎಲ್ಲಿಂದ ಎಲ್ಲಿಗೆ ಹೋಗುತ್ತವೆ ಎಂದು ನೋಡುವುದು ಅವಳ ಉದ್ಯೋಗ. "ಕರಡಿ ಅಂದ್ರ ಗುಡ್ಡ, ಬಂಡಿಗಲ್ಲು, ಹುತ್ತ. ನೀರಾಗ ಎಂಥಾ ಕರಡಿ ಇರ್ತದವಾ?" ಎಂದು ಡಾಕ್ಟರು ಮೊದಮೊದಲು ನಗಾಡುತ್ತಿದ್ದರು. ಆಮೇಲೆ ಮಗಳು ತೋರಿಸಿದ ಚಿತ್ರಗಳನ್ನು ನೋಡಿ ಸುಮ್ಮನಾದರು. ಸೊಂಟದುದ್ದ ನೀರಿನಲ್ಲಿ ಈಜಿಕೊಂಡು ಹೋಗುವ ಕರಡಿ, ಕೆಸರಿನಲ್ಲಿ ಸೀಗಡಿಯಂಥ ಹುಳ ಹೆಕ್ಕುವ ಕರಡಿ, ಓಕ್ ಮರದ ಕಾಯಿ ಉದುರುವ ಕಾಲಕ್ಕೆ ಹೊಟ್ಟೆ ನೆಲಕ್ಕೆ ತಾಗುವಷ್ಟು ತಿಂದು ಕೊಬ್ಬಿದ ಕರಡಿ. ಚಳಿಗಾಲಕ್ಕೆ ನೆಲವೆಲ್ಲ ನೀರಾದಾಗ ಬಸುರಿ ಕರಡಿ ಹಳೆಯ ಸೈಪ್ರೆಸ್ ಮರ ಹತ್ತಿ, ಅದರ ಪೊಟರೆಯೊಳಗೆ ಇಳಿದು ಅಲ್ಲೇ ಹೆರುತ್ತದೆ. ಕೆಳಗೆ ಪ್ರವಾಹ, ಮೇಲೆ ಬಾಣಂತಿ.

ಅಂಥದೊಂದು ಬಾಣಂತಿಗೆ ವೇದವತಿ ಗಂಗವ್ವ ಎಂದು ಹೆಸರಿಟ್ಟಿದ್ದರು. ಅವಳ ಎದೆಯ ಮೇಲೆ ಎರಡು ಬಿಳಿಯ ಮಚ್ಚೆ, ತಾಳಿಯ ಬಟ್ಟಲುಗಳ ಹಾಗೆ ಅಕ್ಕಪಕ್ಕ. ಮನೆಯವರೆಲ್ಲ ಅವಳ ಫೋಟೋ ಬಂದಾಗ ಸಂಬಂಧಿಕರ ಫೋಟೋ ನೋಡಿದಂತೆ ನೋಡುತ್ತಿದ್ದರು. ಹೋದ ವರ್ಷದ ಮಹಾಪೂರದಲ್ಲಿ ಗಂಗವ್ವನ ಪೊಟರೆಯ ಮರ ಬಿತ್ತು. ಅಲ್ಲಿಂದ ಮುಂದೆ ಯಾವ ಕ್ಯಾಮೆರಾದಲ್ಲೂ ಅವಳು ಕಾಣಲಿಲ್ಲ.

ಈ ವರ್ಷ ಮಗಳು ಜೌಗಿಗೆ ಹೋಗಲೇ ಇಲ್ಲ. ಸ್ಟ್ರಾಟ್‌ಫರ್ಡ್ ಸ್ಟೇಶನ್ನಿನ ಮೆಟ್ಟಿಲಲ್ಲಿ ಜಾರಿ ಕಣಕಾಲು ಉಳುಕಿಸಿಕೊಂಡು, ಹಾವು ಮೊಸಳೆಗಳ ನಡುವೆ ಸುರಕ್ಷಿತವಾಗಿದ್ದವಳು ಲಂಡನ್ನಿನ ಟ್ಯೂಬ್ ರೈಲಿಗೆ ಹೋಗಿ ಕೆಟ್ಟಳು. ಕೋಲು ಹಿಡಿದು ಫ್ಲ್ಯಾಟಿನಲ್ಲಿ ಕುಳಿತಳು. ಅಲ್ಲಿ ಜೌಗಿನಲ್ಲಿ ಅವಳ ಜೊತೆಗಾತಿ ಮಾರ್ಲೀನ್ ಒಬ್ಬಳೇ ದೋಣಿ ಹೊಡೆಯುತ್ತಿದ್ದಳು. ಡಾಕ್ಟರು ಮತ್ತು ವೇದವತಿ ದಿನಾ ಮಧ್ಯಾಹ್ನ ಕ್ಯಾರಿಯರ್ ತುಂಬಿಕೊಂಡು ಬಸ್ಸು ಹತ್ತಿ ಕೊಲಿಂಡೇಲ್‌ಗೆ ಬರುವುದು ರೂಢಿಯಾಯಿತು.

ಒಂದು ಮಧ್ಯಾಹ್ನ ಬಾಗಿಲು ತೆಗೆದ ಮಗಳ ಮುಖ ಇಳಿದಿತ್ತು. ಡಾಕ್ಟರು ಕ್ಯಾರಿಯರ್ ಕೆಳಗಿಟ್ಟು, "ಯಾಕವಾ, ಕಾಲು ನೋಯ್ತದೇನು?" ಎಂದರು.

"ಕಾಲ್ ಅಲ್ಲಪ್ಪಾ. ಆ ಕಾಡಿನ ಪಟ್ಟಿ ಹೋಗ್ತದ."

ಆ ಪಟ್ಟಿಯ ಕತೆ ಡಾಕ್ಟರಿಗೆ ಬಾಯಿಪಾಠವಾಗಿತ್ತು. ಉತ್ತರಕ್ಕೊಂದು ದೊಡ್ಡ ಜೌಗು, ಗಂಗವ್ವ ಇದ್ದದ್ದು ಅಲ್ಲೇ, ದಕ್ಷಿಣಕ್ಕೊಂದು ಸಣ್ಣದು, ನಡುವೆ ಹೊಲ, ಹೆದ್ದಾರಿ, ಎರಡನ್ನೂ ಸೇರಿಸುವ ತೆಳ್ಳಗಿನ ಕಾಡು. ಗಂಡು ಕರಡಿಗಳಿಗೆ ಏನೂ ಚಿಂತೆಯಿಲ್ಲ, ಪ್ರಾಯಕ್ಕೆ ಬಂದೊಡನೆ ಊರು ಬಿಟ್ಟು ಅಲೆಯುತ್ತವೆ. ಹೆಣ್ಣುಮರಿಗಳು ಮಾತ್ರ ತಾಯಿಯ ಪಕ್ಕದಲ್ಲೇ ಬಿಡಾರ ಹೂಡುತ್ತವೆ. ದಕ್ಷಿಣದ ಜೌಗಿನಲ್ಲಿ ಉಳಿದ ನಾಲ್ಕಾರು ಹೆಣ್ಣು ಕರಡಿಗಳೆಲ್ಲ ಒಂದೇ ಮನೆತನದವು. ಹೊಸ ಹೆಣ್ಣು ಬಾರದಿದ್ದರೆ ಆ ವಂಶ ಅಲ್ಲಿಗೆ ಮುಗಿಯಿತು. ಹೆಣ್ಣು ಕರಡಿ ಆ ಪಟ್ಟಿಯ ದಾರಿಯಲ್ಲಿ ಓಡಾಡುತ್ತದೆ ಎಂದು ತೋರಿಸಿದರೆ ಮರದ ಮಾಲೀಕರು ಕಡಿಯದೆ ಬಿಡುತ್ತಾರೆ. ತೋರಿಸದಿದ್ದರೆ ಈ ಚಳಿಗಾಲಕ್ಕೆ ಗರಗಸ.

ತೋರಿಸುವುದು ಹೇಗೆಂದರೆ, ಕೂದಲಿನಿಂದ. ಪಟ್ಟಿ ಮುಗಿದು ದಕ್ಷಿಣದ ಜೌಗು ಶುರುವಾಗುವಲ್ಲಿ ಒಂದು ಮರಕ್ಕೆ ವಾಸನೆ ಬಳಿದು, ಸುತ್ತ ಮೊಣಕಾಲೆತ್ತರಕ್ಕೆ ಮುಳ್ಳುತಂತಿ ಬಿಗಿಯುತ್ತಾರೆ. ವಾಸನೆಗೆ ಬಂದ ಕರಡಿ ತಂತಿಯ ಕೆಳಗೆ ನುಸುಳುವಾಗ ನಾಲ್ಕು ಕೂದಲು ಸಿಕ್ಕಿಕೊಳ್ಳುತ್ತವೆ. ಕರಡಿಗೆ ನೋವಿಲ್ಲ, ಕೂದಲಿನಲ್ಲಿ ಅದರ ಹುಟ್ಟು, ಕುಲ, ಗೋತ್ರ ಎಲ್ಲಾ ಇರುತ್ತದೆ. ತಿನ್ನಲು ಏನೂ ಇಡುವಂತಿಲ್ಲ, ಮನುಷ್ಯರ ತಿಂಡಿಯ ರುಚಿ ಹತ್ತಿದ ಕರಡಿ ಮನುಷ್ಯರ ಮನೆಗೇ ಬರುತ್ತದೆ. ಬರೀ ವಾಸನೆ ಇರಬೇಕು.

"ಈ ಸಲ ಮಳಿ ನಿಲ್ಲವಲ್ದು. ಅಂಗಡಿಯಿಂದ ತಂದ ಸೆಂಟ್ ಎಲ್ಲಾ ಒಂದ ದಿನಕ್ಕ ತೊಳದ ಹೋಗ್ತದ. ಕರಡಿ ಬರ್ತಾನೇ ಇಲ್ಲ," ಎಂದಳು ಸ್ಪಂದನಾ. ಆಮೇಲೆ ಕ್ಯಾರಿಯರಿನ ಕಡೆ ತಿರುಗಿ ಮೂಗರಳಿಸಿದಳು. "ಅಪ್ಪಾ, ನೀ ಬಸ್ಸಿನಿಂದ ಇಳದಾಗೇ ನನಗ ಗೊತ್ತಾತು. ಕಿಟಕಿ ತಗದಿತ್ತು."

ಡಾಕ್ಟರು ಹಿಗ್ಗಿದರು. "ಸಾರಿನ ಘಮಾನಾ?"

ಮಗಳು ಅವ್ವನ ಕಡೆ ನೋಡಿದಳು. ವೇದವತಿ ಗೋಡೆಯ ಮೇಲಿನ ಕ್ಯಾಲೆಂಡರ್ ಓದತೊಡಗಿದರು. ಡಾಕ್ಟರು ರೋಗಿಗಳ ಮುಖ ಓದಿ ಬದುಕಿದವರು, ಹೆಂಡತಿಯ ಮುಖ ಓದುವುದು ಎಷ್ಟು ಹೊತ್ತಿನ ಮಾತು?

"ಖರೇ ಹೇಳು. ಇಂಗು ಹೆಚ್ಚಾಗ್ತದೇನು?"

"ಸ್ವಲ್ಪ," ಎಂದರು ವೇದವತಿ.

"ಎಂದಿನಿಂದ?"

"ನಿಮ್ಮ ಮೂಗು ಹೋದಾಗಿನಿಂದ."

ಡಾಕ್ಟರಿಗೆ ಬಹಳ ಬೇಸರವಾಯಿತು. ಇಷ್ಟು ದಿನ ತಾನು ಬಡಿಸಿದ್ದನ್ನು ಇವರೆಲ್ಲ ದೇವರ ಪ್ರಸಾದದಂತೆ ಕಣ್ಣು ಮುಚ್ಚಿ ನುಂಗಿದ್ದಾರೆ! ಅವರು ಎದ್ದು ಕ್ಯಾರಿಯರಿನ ಮುಚ್ಚಳ ಬಿಗಿದು, "ನಾಳಿಂದ ನೀನೇ ಮಾಡು," ಎಂದು ಕಿಟಕಿಯ ಹತ್ತಿರ ಹೋಗಿ ನಿಂತರು. ಹೊರಗೆ ಕ್ರೇನೊಂದು ಇನ್ನೊಂದು ಕಟ್ಟಡವನ್ನು ಮೇಲೆತ್ತುತ್ತಿತ್ತು.

ಅಷ್ಟರಲ್ಲಿ ಸ್ಪಂದನಾ ಕೋಲನ್ನೂ ಮರೆತು ಕುಂಟುತ್ತ ಎದ್ದಳು. ಸಿಂಕಿನ ಪಕ್ಕದಲ್ಲಿ ನಿನ್ನೆಯ ಕ್ಯಾರಿಯರಿನ ಡಬ್ಬಿ ಇತ್ತು. ಸೋಪು ಹಾಕಿ, ಬಿಸಿನೀರು ಹಾಕಿ, ಮತ್ತೆ ಸೋಪು ಹಾಕಿ ತೊಳೆದದ್ದು. ಅವಳು ಅದನ್ನು ಮೂಗಿಗೆ ಹಿಡಿದು ಮುಖ ಹಿಂದೆ ಎಳೆದುಕೊಂಡಳು. "ಎಷ್ಟ ತೊಳದ್ರೂ ಹೋಗಿಲ್ಲ. ಅಪ್ಪಾ! ಎಣ್ಣಿಯೊಳಗ ಇಂಗು ಕೂತದ, ನೀರಿಗೆ ಹೋಗೂದಿಲ್ಲ. ಮರಕ್ಕ ಬಳದ್ರ ಮಳಿಗೂ ಹೋಗೂದಿಲ್ಲ!"

ಮುನಿಸು ಎಲ್ಲಿ ಹೋಯಿತೋ. ಡಾಕ್ಟರು ತಿರುಗುವಾಗ ಅವರ ಮುಖ ಮೊದಲ ಬಾರಿ ಆಪರೇಶನ್ ಥಿಯೇಟರಿಗೆ ಕಾಲಿಟ್ಟ ಎಳೆಯ ಡಾಕ್ಟರನದಾಗಿತ್ತು.

ಪ್ರಯೋಗ ಅಲ್ಲೇ, ಅಂದೇ ನಡೆಯಿತು. ಕ್ವೀನ್ಸ್‌ಬರಿಯ ಮನೆಯ ಗೋಡೆಗಳೇ ಇಂಗು ಕುಡಿದಿದ್ದವು, ಹಾಗಾಗಿ ಅಲ್ಲಿ ಏನೂ ಗೊತ್ತಾಗುವಂತಿರಲಿಲ್ಲ. ಸ್ಪಂದನಾ ಲಿಫ್ಟಿನ ಬಳಿ ಕುರ್ಚಿ ಹಾಕಿಕೊಂಡು ವಾಸನೆ ಹಿಡಿಯಲು ಕೂತಳು. ವೇದವತಿ ಮಾರ್ಲೀನಳಿಗೆ ಕಳಿಸಲೆಂದು ಫೋನಿನಲ್ಲಿ ವಿಡಿಯೋ ಹಿಡಿದರು. ಡಾಕ್ಟರು ಅಂಗಿಯ ತೋಳು ಮಡಚಿ, ಎಣ್ಣೆ ಕಾಯಿಸಿ, ಸಾಸಿವೆ ಸಿಡಿಸಿ, ಇಂಗು ಸುರಿದು, ಬ್ಯಾಡಗಿ ಮೆಣಸಿನಕಾಯಿಯನ್ನು ಎರಡೆರಡಾಗಿ ಮುರಿದು ಹಾಕಿ ಸೌಟಾಡಿಸಿದರು. ಬಾಗಿಲ ಕಡೆ ತಿರುಗಿ "ಹ್ಯಾಂಗ ಬರ್ತದ?" ಎಂದು ಕೂಗುವಷ್ಟರಲ್ಲಿ, ಶಿವಪೂಜೆಯಲ್ಲಿ ಕರಡಿ ಬಿಟ್ಟಂತೆ, ಕಟ್ಟಡದ ಫೈರ್ ಅಲಾರ್ಮ್ ಹೊಡೆದುಕೊಳ್ಳತೊಡಗಿತು.

ಆ ಮಧ್ಯಾಹ್ನ ಇಡೀ ಕಟ್ಟಡ ರಸ್ತೆಗಿಳಿಯಿತು. ಲ್ಯಾಪ್‌ಟಾಪ್ ಅಪ್ಪಿಕೊಂಡವರು, ಬೆಕ್ಕು ಅಪ್ಪಿಕೊಂಡವರು, ಸ್ನಾನದ ಟವೆಲಿನಲ್ಲೇ ಬಂದವರೊಬ್ಬರು. ಎಲ್ಲರಿಗೂ ಕೆಮ್ಮು, ಎಲ್ಲರ ಕಣ್ಣಲ್ಲೂ ನೀರು. ಕೆಳಗಿನ ಮಹಡಿಯ ಬೆಂಗಳೂರಿನ ಹುಡುಗ ರಾಕೇಶ್ ಕೆಮ್ಮುತ್ತಲೇ ಡಾಕ್ಟರ ಹತ್ತಿರ ಬಂದು, "ಅಂಕಲ್, ಯಾರೋ ಸಖತ್ತಾಗಿ ಒಗ್ಗರಣೆ ಹಾಕಿದಾರೆ. ಉಸಿರಾಡಕ್ಕೆ ಆಗ್ತಿಲ್ಲ, ಆದ್ರೆ ಹೊಟ್ಟೆ ಹಸೀತಿದೆ," ಎಂದ. ಮಗಳ ತೋಳು ಹಿಡಿದು ಮೆಟ್ಟಿಲಿಳಿಸಿ ತಂದಿದ್ದ ಡಾಕ್ಟರು ಏನೂ ಗೊತ್ತಿಲ್ಲದವರಂತೆ ಆಕಾಶ ನೋಡಿದರು. ಅಪ್ಪ ಮಗಳು ಇಬ್ಬರಿಗೂ ಒಳಗೊಳಗೇ ಹಬ್ಬ. ಇಷ್ಟು ಜನರನ್ನು ಮನೆಯಿಂದ ಹೊರಗೆ ಎಳೆದ ವಾಸನೆ ಕರಡಿಯನ್ನು ಕಾಡಿನಿಂದ ಎಳೆಯದೆ ಬಿಡುತ್ತದೆಯೇ? ಎಲ್ಲರೂ ಯಾಕೆ ಕೆಮ್ಮುತ್ತಿದ್ದಾರೆ ಎಂದು ಇಬ್ಬರೂ ಕೇಳಿಕೊಳ್ಳಲಿಲ್ಲ.

ಮಾರ್ಲೀನ್ ದೋಣಿ ಕಟ್ಟಿಹಾಕಿ, ದೂರದ ಪಟ್ಟಣಕ್ಕೆ ಹೋಗಿ, ಗುಜರಾತಿ ಅಂಗಡಿಯಿಂದ ಎಲ್ಲಾ ತಂದಳು. ವಿಡಿಯೋ ನೋಡಿ ಮಾಡುವ ಮುಂಚೆ ಫೋನು ಹಚ್ಚಿ, ಈ ಕೆಂಪು ಕಾಯಿಯೂ ಬೇಕೇ ಬೇಕೇ ಎಂದು ವಿಚಾರಿಸಿದಳು. ಡಾಕ್ಟರಿಗೆ ಅವಳ ಅಜ್ಞಾನ ನೋಡಿ ಮರುಕ ಬಂತು. ಅದಿಲ್ಲದೆ ಒಗ್ಗರಣೆ ಹೇಗಾಗುತ್ತದೆ ಎಂದು ತಮ್ಮ ಆಸ್ಪತ್ರೆಯ ಇಂಗ್ಲಿಷಿನಲ್ಲಿ ತಿಳಿಸಿ ಹೇಳಿದರು. ಪಕ್ಕದಲ್ಲಿದ್ದ ಸ್ಪಂದನಾ ಕೂಡ ತಲೆಯಾಡಿಸಿದಳು.

ವಾರ ಕಳೆದ ಮೇಲೆ ಮೊದಲ ವಿಡಿಯೋ ಬಂತು. ಮೂವರೂ ಲ್ಯಾಪ್‌ಟಾಪಿನ ಮುಂದೆ ತಲೆಗೆ ತಲೆ ತಾಗಿಸಿ ಕೂತರು. ಮಂಜು, ನೀರು, ಮರ. ಒಂದು ಎಳೆಯ ಗಂಡು ಕರಡಿ ದೂರದಿಂದಲೇ ಮೂಗೆತ್ತಿ, ಗಾಳಿ ಹೀರುತ್ತ, ಮದುವೆ ಊಟಕ್ಕೆ ಬಂದವನ ಹಾಗೆ ಸಂಭ್ರಮದಿಂದ ಬಂತು. "ಬಂತು ಬಂತು!" ಎಂದರು ಡಾಕ್ಟರು. ಕರಡಿ ತಂತಿಯ ಹತ್ತಿರ ಬಂದು, ಕುತ್ತಿಗೆ ಚಾಚಿ, ಮರಕ್ಕೆ ಮೂಗಿಟ್ಟಿತು. ಒಂದು ಕ್ಷಣ ಹಾಗೇ ನಿಂತಿತು. ಆಮೇಲೆ ಸೀನಿತು. ಮತ್ತೆ ಸೀನಿತು. ಮುಂಗಾಲಿನಿಂದ ಮುಸುಡಿ ಉಜ್ಜಿಕೊಂಡು, ಕೆಸರಿನಲ್ಲಿ ಮೂಗು ಅದ್ದಿ, ಹಿಂದಿರುಗಿ ನೋಡದೆ ನೀರು ಎರಚಾಡುತ್ತ ಓಡಿಹೋಯಿತು.

ಸ್ಪಂದನಾ ಮೆಲ್ಲಗೆ ಎದ್ದು, ಬಾಗಿಲ ಹಿಂದೆ ನೇತುಹಾಕಿದ್ದ ತನ್ನ ಕಾಡಿನ ಚೀಲಕ್ಕೆ ಸಿಕ್ಕಿಸಿದ್ದ ಹಳೆಯ ಪಟವನ್ನು ತಂದು ಅಪ್ಪನ ಮುಂದೆ ಇಟ್ಟಳು. ಪಟದಲ್ಲಿ ಅವಳು ದೋಣಿಯಲ್ಲಿ ನಿಂತಿದ್ದಳು, ಸೊಂಟದಲ್ಲಿ ಒಂದು ಡಬ್ಬಿ.

"ಇದೇನು ಗೊತ್ತದನ? ಕರಡಿ ಮೈಮ್ಯಾಲೆ ಬಂದ್ರ ಮುಖಕ್ಕ ಹೊಡೀಲಿಕ್ಕೆ ಸ್ಪ್ರೇ. ಎಷ್ಟೋ ವರ್ಷ ಸೊಂಟಕ್ಕ ಕಟಗೊಂಡು ತಿರಗೀನಿ. ಇದರಾಗ ಏನಿರ್ತದ ಹೇಳು."

"ಏನು?"

"ಮೆಣಸಿನಕಾಯಿ."

ಮೊದಲು ನಕ್ಕವರು ವೇದವತಿ. ಆಮೇಲೆ ಮೂವರೂ. ಕಣ್ಣಲ್ಲಿ ನೀರು ಬರುವವರೆಗೆ, ಪಕ್ಕೆ ಹಿಡಿದುಕೊಳ್ಳುವವರೆಗೆ ನಕ್ಕರು. ಕರಡಿಯನ್ನು ಕರೆಯಲಿಕ್ಕೂ ಓಡಿಸಲಿಕ್ಕೂ ಒಂದೇ ಸೌಟಿನಲ್ಲಿ ಏರ್ಪಾಡು ಮಾಡಿದ ವಿಜ್ಞಾನಿಗಳು ಜಗತ್ತಿನಲ್ಲಿ ಇನ್ಯಾರಿದ್ದಾರೆ? "ಒಗ್ಗರಣಿ ಅಂದಮ್ಯಾಲೆ ಕೈ ತಾನೇ ಹೋಗ್ತದವಾ, ನಾ ಏನ ಮಾಡ್ಲಿ," ಎಂದರು ಡಾಕ್ಟರು. "ನಾನೂ ನೋಡಿದ್ನಲ್ಲಪ್ಪಾ, ನನಗೂ ಹೊಳೀಲಿಲ್ಲ," ಎಂದಳು ಮಗಳು. ನಗು ಇಳಿದ ಮೇಲೆ ಅವಳು ಕ್ಯಾಲೆಂಡರ್ ಕಡೆ ನೋಡಿದಳು. ಮಾರ್ಲೀನ್ ತಂತಿ ಬಿಚ್ಚಿಕೊಂಡು ಬರುವ ದಿನ ಹತ್ತಿರವಾಗಿತ್ತು. ಇನ್ನೊಂದೇ ಒಗ್ಗರಣೆಗೆ ಅವಕಾಶ.

ಈ ಸಲ ಡಾಕ್ಟರು ಹುಂಬತನ ಮಾಡಲಿಲ್ಲ. ಫೋನಿನ ಮುಂದೆ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತರು. ಇತ್ತ ಲಂಡನ್ನಿನಲ್ಲೇ ಇದ್ದ ಮೆಣಸಿನಕಾಯಿ ಡಬ್ಬಿ ಜೌಗಿಗೇನೂ ಹಾರಿಹೋಗುತ್ತಿರಲಿಲ್ಲ, ಆದರೂ ವೇದವತಿ ಅದನ್ನು ಮಡಿಲಲ್ಲಿಟ್ಟು ಎರಡೂ ಕೈಯಿಂದ ಮುಚ್ಚಿ ಹಿಡಿದಿದ್ದರು. ಅಲ್ಲಿ ಬೆಳಗು, ದೋಣಿಕಟ್ಟೆಯ ಮೇಲೆ ಮಾರ್ಲೀನಳ ಸಣ್ಣ ಸ್ಟವ್. ಬಾಣಲೆ ಹೊಸದು, ಎಣ್ಣೆ ಹೊಸದು, ಸಾಸಿವೆಯೂ ಇಲ್ಲ. ಎಣ್ಣೆ ಹೆಚ್ಚು ಕಾದರೆ ಇಂಗು ಸೀದು ಕಹಿಯಾಗುತ್ತದೆ, ಕಾಯದಿದ್ದರೆ ಅರಳುವುದಿಲ್ಲ. ವಾಸನೆ ನೋಡಿ ಹೇಳೋಣವೆಂದರೆ ಮಾರ್ಲೀನಳಿಗೆ ಇಂಗಿನ ಪರಿಚಯವಿಲ್ಲ, ಡಾಕ್ಟರಿಗೆ ಮೂಗಿಲ್ಲ. ಆದರೆ ಕಿವಿ, ಮೂಗು, ಗಂಟಲಿನ ಡಾಕ್ಟರಿಗೆ ಒಂದು ಹೋದರೂ ಇನ್ನೊಂದಿರುತ್ತದೆ. ಅವರು ಫೋನಿಗೆ ಕಿವಿಗೊಟ್ಟು ಕಣ್ಣು ಮುಚ್ಚಿದರು. ಸಾಗರದಾಚೆಯಿಂದ ಎಣ್ಣೆಗೆ ಬಿದ್ದ ಇಂಗಿನ ಸಣ್ಣ ಚುರುಚುರು ಕೇಳಿಸಿತು. ಅದು ದಪ್ಪವಾಯಿತು, ನೊರೆಯ ಸದ್ದು ಬಂತು.

"ನೌ!" ಎಂದು ಡಾಕ್ಟರು ಕೂಗಿದ ರಭಸಕ್ಕೆ ಮಾರ್ಲೀನ್ ಬಾಣಲೆ ಕೆಳಗಿಟ್ಟೇಬಿಟ್ಟಳು.

ಆಮೇಲೆ ಕಾಯುವುದು. ಕಾಯುವುದರಲ್ಲಿ ಸ್ಪಂದನಾಳಿಗಿಂತ ಡಾಕ್ಟರೇ ಹೆಚ್ಚು ಕೆಟ್ಟರು. ರಾತ್ರಿ ಊಟಕ್ಕೆ ಕೂತಲ್ಲಿ ಎದ್ದು ಅಮೆರಿಕದ ಹವಾಮಾನ ನೋಡುವರು, "ಅಲ್ಲೆ ಮಳಿ ಸುರೀಲಿಕತ್ತದ" ಎಂದು ತಾವೇ ನೆನೆದವರಂತೆ ಕೂರುವರು. ಅಡಿಗೆ ಈಗ ವೇದವತಿಯದು. ಡಾಕ್ಟರಿಗೆ ಸೌಟು ಮುಟ್ಟಲು ಧೈರ್ಯವಿರಲಿಲ್ಲ. ಎಷ್ಟು ಹಾಕಿದರೆ ಎಷ್ಟಾಗುತ್ತದೆ ಎಂದು ತನಗೆ ಯಾರು ಖರೆ ಹೇಳುತ್ತಾರೆ?

ಒಂದು ಭಾನುವಾರ ಸ್ಪಂದನಾ ಕ್ವೀನ್ಸ್‌ಬರಿಗೆ ಬಂದಳು. ಕೋಲಿರಲಿಲ್ಲ. ಕಾಲಿಂಗ್ ಬೆಲ್ ಒತ್ತಿದ ಬೆರಳನ್ನು ಬಾಗಿಲು ತೆರೆಯುವವರೆಗೂ ಅವಳು ತೆಗೆಯಲಿಲ್ಲ. ಚಪ್ಪಲಿ ಬಿಡದೆ ಒಳಗೆ ಬಂದವಳನ್ನು ವೇದವತಿ ಬೈಯಲಿಲ್ಲ, ಅವಳ ಮುಖ ಹಾಗಿತ್ತು. "ಕೂಡ್ರಿ. ಇಬ್ಬರೂ ಕೂಡ್ರಿ," ಎಂದು ಫೋನನ್ನು ಊಟದ ಮೇಜಿನ ಮೇಲೆ ನೀರಿನ ತಂಬಿಗೆಗೆ ಆನಿಸಿ ಇಟ್ಟಳು.

ಮೊದಲಿನ ಖಾರದ ಮರವಲ್ಲ, ಅದರ ಆಚೆಯ ಇನ್ನೊಂದು ಮರ. ಮಳೆ ಆಗತಾನೆ ನಿಂತಿತ್ತು, ಎಲೆಗಳಿಂದ ಹನಿ ಬೀಳುತ್ತಿತ್ತು. ತಂತಿಯ ಆಚೆ ಒಂದು ಕಪ್ಪು ಬೆನ್ನು ಕಂಡಿತು. ತಂತಿಯ ಕೆಳಗೆ ನುಸುಳಿ, ಮರದ ಬುಡಕ್ಕೆ ಬಂದು, ಹಿಂಗಾಲ ಮೇಲೆ ಎದ್ದು ನಿಂತಿತು. ಎದೆಯ ಮೇಲೆ ಎರಡು ಬಿಳಿಯ ಮಚ್ಚೆ, ಅಕ್ಕಪಕ್ಕ.

"ಗಂಗವ್ವ!" ವೇದವತಿ ಚೀರಿದರು. "ಜೀವಂತ ಇದ್ದಾಳಲ್ರೀ!"

"ಬರೇ ಇದ್ದಾಳಂತಲ್ಲ ಅವ್ವಾ, ಇದು ದಕ್ಷಿಣದ ಜೌಗು. ಆ ಪಟ್ಟಿಯೊಳಗ ಹಾದು ಬಂದಾಳ. ಮುಂದ ನೋಡು."

ಗಂಗವ್ವನ ಹಿಂದೆ ಎರಡು ಮರಿಗಳು ಒಂದರ ಮೇಲೊಂದು ಬೀಳುತ್ತ ತಂತಿಯಡಿ ನುಸುಳಿದವು. ತಾಯಿಗೆ ಮಕ್ಕಳ ಕಡೆ ಲಕ್ಷ್ಯವೇ ಇರಲಿಲ್ಲ. ಅವಳು ಮರಕ್ಕೆ ಮೂಗು ಹಚ್ಚಿ ಮೂಸಿದಳು. ಕೆನ್ನೆ ಉಜ್ಜಿದಳು, ಕುತ್ತಿಗೆ ಉಜ್ಜಿದಳು. ತಿರುಗಿ ನಿಂತು ಬೆನ್ನು ಕೊಟ್ಟು, ಕಣ್ಣು ಮುಚ್ಚಿ, ಬಾಯಿ ಸ್ವಲ್ಪ ತೆರೆದು, ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ತಿಕ್ಕಿಕೊಂಡಳು. ಸಾಲದೆ ನೆಲಕ್ಕೆ ಕೆಡೆದು, ನಾಲ್ಕೂ ಕಾಲು ಮೇಲೆತ್ತಿ, ಎಣ್ಣೆ ಸುರಿದು ನೆನೆದ ಮಣ್ಣಿನಲ್ಲಿ ಉರುಳಿದಳು. ಮರಿಗಳೂ ಅವಳನ್ನು ನೋಡಿ ಉರುಳಿದವು. ಅಂಥ ಸುಖವನ್ನು ಡಾಕ್ಟರು ತಮ್ಮ ವೃತ್ತಿಜೀವನದಲ್ಲಿ ಯಾವ ಮೂಗಿನ ಮೇಲೂ ಕಂಡಿರಲಿಲ್ಲ.

ಅವರ ಕಣ್ಣು ತುಂಬಿತ್ತು. "ಹಂಗಾರ," ಎಂದರು, "ವಾಸನಿ ಛೊಲೋ ಬಂದಿರಬೇಕು."

ಸ್ಪಂದನಾ ಅಪ್ಪನ ಹೆಗಲ ಮೇಲೆ ಗಲ್ಲ ಇಟ್ಟಳು. "ಭಾಳ ಛೊಲೋ ಬಂದದಪ್ಪಾ."

ತಂತಿಯ ಮೇಲಿನ ಕೂದಲು ಪ್ರಯೋಗಾಲಯಕ್ಕೆ ಹೋಯಿತು, ಹಿಂದೆ ಉತ್ತರದಲ್ಲಿ ಸಿಕ್ಕಿದ್ದ ಕೂದಲಿಗೆ ಹೋಲಿಸಿ ಗಂಗವ್ವನದೇ ಎಂದು ಉತ್ತರ ಬಂತು. ಮರದ ಮಾಲೀಕರು ಪಟ್ಟಿಯನ್ನು ಕಡಿಯುವುದಿಲ್ಲ ಎಂದು ಸಹಿ ಮಾಡಿದರು. ಆ ಚಳಿಗಾಲ ಗರಗಸ ಬರಲಿಲ್ಲ. ದಕ್ಷಿಣದ ಜೌಗಿನ ಒಂದು ಪೊಟರೆಯಲ್ಲಿ ಗಂಗವ್ವ ಮರಿಗಳನ್ನು ಅಪ್ಪಿಕೊಂಡು ಬೆಚ್ಚಗೆ ಮಲಗಿದಳು, ಮರಿಗಳಲ್ಲಿ ಒಂದು ಹೆಣ್ಣು, ಆ ಮಗಳು ದೊಡ್ಡವಳಾದ ಮೇಲೆ ಅಲ್ಲೇ ಪಕ್ಕದಲ್ಲಿ ಬಿಡಾರ ಹೂಡುತ್ತಾಳೆ.

ಸಹಿಯ ಸುದ್ದಿ ಬಂದ ದಿನ ಕ್ವೀನ್ಸ್‌ಬರಿಯ ಅಡಿಗೆಮನೆಗೆ ಡಾಕ್ಟರು ಮತ್ತೆ ಪ್ರವೇಶ ಮಾಡಿದರು. ಊಟಕ್ಕೆ ಮಗಳು ಬರುವವಳಿದ್ದಳು. ಸಾಸಿವೆ ಸಿಡಿಯಿತು, ಬ್ಯಾಡಗಿ ಬಿತ್ತು, ಇಂಗು ಒಂದೇ ಚಿಟಿಕೆ ಬಿತ್ತು. ಡಾಕ್ಟರು ಬಾಣಲೆಗೆ ಕಿವಿಗೊಟ್ಟು, ಸದ್ದು ದಪ್ಪವಾದಾಗ ಇಳಿಸಿ ಸಾರಿಗೆ ಸುರಿದರು. ಅಭ್ಯಾಸಬಲದಿಂದ ಮೂಗು ಬಗ್ಗಿಸಿದರು, ಏನೂ ಬರಲಿಲ್ಲ. ಇನ್ನೊಂದು ಚಿಟಿಕೆ ಹಾಕಲಿಲ್ಲ.

ವೇದವತಿ ಒಂದು ಗುಟುಕು ಕುಡಿದರು. ಮುಖ ಅರಳಿತು. "ಛೊಲೋ ಆಗೇದ," ಎಂದರು. "ಆಣೆ ಮಾಡಿ ಹೇಳ್ತೀನಿ, ಈ ಸಲ ಖರೇನ ಛೊಲೋ ಆಗೇದ."

ಡಾಕ್ಟರು ಹೆಂಡತಿಯ ಮುಖವನ್ನು ಸಂಶಯದಿಂದ ನೋಡಿದರು. ಸೂಜಿ ಚುಚ್ಚುವ ಮುಂಚಿನ ಅದೇ ನಗು. ಅವರು ಫೋನು ತೆಗೆದು, ತಂಬಿಗೆಗೆ ಆನಿಸಿ, ಗಂಗವ್ವನ ವಿಡಿಯೋ ಹಚ್ಚಿ, ಅವಳು ಕಣ್ಣು ಮುಚ್ಚಿ ಉರುಳುವುದನ್ನು ನೋಡುತ್ತ ತಟ್ಟೆ ಎಳೆದುಕೊಂಡರು.

"ನೀ ಏನರ ಹೇಳು," ಎಂದರು. "ಕರಡಿ ಸುಳ್ಳು ಹೇಳೂದಿಲ್ಲ."